‘ಸ್ವಲ್ಪ ದೊಡ್ಡದು’ ಅಂದ್ರೆ ಎಷ್ಟು ಸ್ವಾಮಿ?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಆಫೀಸಿನಲ್ಲಿ ಯಾರಾದರೂ ‘ಈ ಪೇಜು ಸ್ವಲ್ಪ ನಿಧಾನ’ ಅಂತ ಬಗ್ ಹಾಕಿದರೆ ನಾವು ಕೇಳುವ ಮೊದಲ ಪ್ರಶ್ನೆ: ಎಷ್ಟು ಮಿಲಿಸೆಕೆಂಡು? ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಮೆದುಳಿನ ಎಂಆರ್‌ಐಗೆ ಈ ಪ್ರಶ್ನೆ ಕೇಳಬಾರದಾ?

ಯಲಹಂಕದ ನಮ್ಮ ದೊಡ್ಡಪ್ಪನ ಹತ್ತಿರ ಎರಡು ರಿಪೋರ್ಟುಗಳಿವೆ. ಬೇರೆ ಬೇರೆ ಸೆಂಟರಿನವು, ಮಧ್ಯೆ ಒಂದೂವರೆ ವರ್ಷ. ಎರಡರಲ್ಲೂ ಒಂದೇ ಮಾತು: ಮೆದುಳಿನ ಕುಹರಗಳು (ವೆಂಟ್ರಿಕಲ್) ಸ್ವಲ್ಪ ಹಿಗ್ಗಿವೆ, ವಯೋಸಹಜ. ಎಷ್ಟು ಹಿಗ್ಗಿವೆ? ಹೋದ ಸಲಕ್ಕಿಂತ ಜಾಸ್ತಿಯಾ? ಒಂದಕ್ಕೂ ಉತ್ತರವಿಲ್ಲ. ಆ ಹೊತ್ತಿಗೆ ಅವರು ಪಾದ ನೆಲಕ್ಕೆ ಅಂಟಿದ ಹಾಗೆ ನಡೆಯುತ್ತಿದ್ದರು. ಮೂತ್ರ ತಡೆಯಲಾಗುತ್ತಿರಲಿಲ್ಲ, ಮರೆವು ಬೇರೆ. ನೆಂಟರೆಲ್ಲ ‘ವಯಸ್ಸಾಯ್ತಲ್ಲಪ್ಪ’ ಅಂದರು.

ಕುಹರ ಅಂದರೆ ಮೆದುಳಿನೊಳಗಿನ ನಾಲ್ಕು ಟೊಳ್ಳು ಕೋಣೆಗಳು. ದಿನಕ್ಕೆ ಸುಮಾರು ಅರ್ಧ ಲೀಟರ್ ಮೆದುಳುದ್ರವ ತಯಾರಾಗಿ, ಈ ಕೋಣೆಗಳ ಮೂಲಕ ಹರಿದು, ಕೊನೆಗೆ ರಕ್ತ ಸೇರುತ್ತದೆ. ವಯಸ್ಸಾದಂತೆ ಮೆದುಳು ಕುಗ್ಗಿ ಕೋಣೆ ದೊಡ್ಡದಾಗುವುದು ನಿಜ. ಆದರೆ ದ್ರವದ ಹರಿವು ಹದಗೆಟ್ಟೂ ಕೋಣೆ ಹಿಗ್ಗಬಹುದು. ನಡಿಗೆ, ಮೂತ್ರ, ಮರೆವು, ಈ ಮೂರೂ ಕೆಡುವ ಅಂಥ ಕಾಯಿಲೆಯನ್ನು 1965ರಲ್ಲೇ ಹಕೀಮ್ ಮತ್ತು ಆಡಮ್ಸ್ ವಿವರಿಸಿದ್ದರು. ನಾರ್ಮಲ್ ಪ್ರೆಶರ್ ಹೈಡ್ರೋಸೆಫಾಲಸ್ ಅಂತ ಹೆಸರು. ಮರೆವು ತರುವ ಕಾಯಿಲೆಗಳಲ್ಲಿ ಚಿಕಿತ್ಸೆಗೆ ಬಗ್ಗುವಂಥದ್ದು ಅಪರೂಪ, ಇದು ಅದರಲ್ಲೊಂದು. ಒಂದು ನಳಿಕೆ ಇಟ್ಟು ದ್ರವ ಹರಿಸಿದರೆ ಎಷ್ಟೋ ಜನ ಮತ್ತೆ ನಡೆಯುತ್ತಾರೆ.

ಕೊನೆಗೊಬ್ಬ ನರರೋಗ ತಜ್ಞರು ಎರಡೂ ಸಿಡಿ ಹಾಕಿ, ಮೌಸಿನಲ್ಲಿ ಗೆರೆ ಎಳೆದರು. ಮೊದಲನೆಯದು 0.34, ಎರಡನೆಯದು 0.38. ಎರಡು ನಿಮಿಷದ ಕೆಲಸ! ಬೆನ್ನಿನಿಂದ ಒಂದಷ್ಟು ದ್ರವ ತೆಗೆದು ನಡೆಸಿ ನೋಡಿದರು, ಹೆಜ್ಜೆ ಸಲೀಸಾಯಿತು. ಆಮೇಲೆ ಆಪರೇಷನ್. ಕಳೆದುಹೋದ ಒಂದೂವರೆ ವರ್ಷಕ್ಕೆ ಲೆಕ್ಕ ಕೊಡುವವರು ಯಾರು?

ಆ ಅಳತೆಯ ಹೆಸರು ಇವಾನ್ಸ್ ಸೂಚ್ಯಂಕ. ಕುಹರದ ಮುಂಗೊಂಬುಗಳ ಅತಿ ಹೆಚ್ಚಿನ ಅಗಲವನ್ನು ತಲೆಬುರುಡೆಯ ಒಳಗಿನ ಅಗಲದಿಂದ ಭಾಗಿಸಿ, ಅಷ್ಟೇ. 0.3 ದಾಟಿದರೆ ಹಿಗ್ಗಿದೆ ಅಂತ. ಇದು ಬಂದದ್ದು 1942ರಲ್ಲಿ, ಮೆದುಳಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆಯುತ್ತಿದ್ದ ಕಾಲದಲ್ಲಿ. ಇವತ್ತು ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ಸ್ಕ್ಯಾನ್ ಮಾಡಿಸಿದರೆ ಆ ಭಾಗಾಕಾರಕ್ಕೂ ಬಡತನವಾ?

‘ಅದು ಒರಟು ಅಳತೆ, ಆರೋಗ್ಯವಂತ ಮುದುಕರಲ್ಲೂ 0.3 ದಾಟುತ್ತೆ’ ಅನ್ನುತ್ತೀರಿ. ಸರಿ, ಒಪ್ಪಿದೆ. ಸ್ಲೈಸಿನ ಕೋನ ಬದಲಾದರೆ ಅಂಕಿಯೂ ಬದಲಾಗುತ್ತದೆ, ಒಂದು ಅಂಕಿಯಿಂದಲೇ ಕಾಯಿಲೆ ತೀರ್ಮಾನವಾಗಲ್ಲ. ಹಾಗಾದರೆ ಕಾರ್ಪಸ್ ಕಲೋಸಮ್ಮಿನ ಕೋನವನ್ನೂ ಬರೆಯಿರಿ, 90 ಡಿಗ್ರಿಗಿಂತ ಕಿರಿದಾದರೆ ಅನುಮಾನ ಗಟ್ಟಿಯಾಗುತ್ತದೆ. ಫ್ರೀಸರ್ಫರ್ ಥರದ ಸಂಶೋಧನಾ ತಂತ್ರಾಂಶಗಳು ಕುಹರದ ಗಾತ್ರವನ್ನು ಮಿಲಿಲೀಟರಿನಲ್ಲೇ ಲೆಕ್ಕ ಹಾಕುತ್ತವೆ. ಒರಟು ಅಂಕಿಯನ್ನು ಹಳೆಯದರ ಜೊತೆ ಹೋಲಿಸಬಹುದು. ‘ಸ್ವಲ್ಪ’ವನ್ನು ಯಾವುದರ ಜೊತೆ ಹೋಲಿಸೋದು?

ಇನ್ನು ‘ವಯೋಸಹಜ’. ಯಾರ ವಯಸ್ಸಿಗೆ ಸಹಜ? 2022ರಲ್ಲಿ ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್ ಸೇರಿಸಿ ಮೆದುಳಿನ ಬೆಳವಣಿಗೆಯ ನಕ್ಷೆ ಪ್ರಕಟಿಸಿದರು, ಕುಹರವೂ ಅದರಲ್ಲಿದೆ. ಆದರೆ ಬಹುಪಾಲು ತಲೆಗಳು ಯೂರೋಪು, ಉತ್ತರ ಅಮೆರಿಕದವು. ನಮ್ಮ ಯಶವಂತಪುರದ ಪಕ್ಕದಲ್ಲೇ, ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿದೆ. ಅದರಲ್ಲಿ ಎಂಆರ್‌ಐ ಕೂಡ ಇದೆ. ನಮ್ಮ ‘ಸಹಜ’ ಹುಟ್ಟಬೇಕಾದದ್ದು ಇಂಥ ಕೆಲಸದಿಂದ. ಅಲ್ಲಿ ಹಳ್ಳಿಯ ರೈತನ ಮೆದುಳನ್ನು ಅಳೆಯುವಾಗ, ಇಲ್ಲಿ ದುಡ್ಡು ಕೊಟ್ಟವನಿಗೆ ವಿಶೇಷಣ ಮಾತ್ರ!

ಮಿತ್ರರೇ, ಮನೆಯ ಹಿರಿಯರಿಗೆ ಸ್ಕ್ಯಾನ್ ಮಾಡಿಸಿದರೆ ಮೂರು ಕೇಳಿ: ಇವಾನ್ಸ್ ಎಷ್ಟು, ಹಳೆಯ ಸ್ಕ್ಯಾನಿನ ಜೊತೆ ಹೋಲಿಸಿದ್ದೀರಾ, ಚಿತ್ರಗಳ ಸಿಡಿ ಎಲ್ಲಿ? ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಾಲು ಕೆ.ಜಿ. ಬದನೆಕಾಯಿಗೂ ತಕ್ಕಡಿ ನೋಡುವ ಜನ ನಾವು.