ಬೆಸುಗೆ ಗಟ್ಟಿ, ಪುರಾವೆ?

ಬಿಡದೆ ಕಾಡುವ ಸೊಂಟನೋವಿಗೆ ಸ್ಯಾಕ್ರೊಇಲಿಯಾಕ್ ಕೀಲು ಕಾರಣವಿರಬಹುದೆಂಬ ಗುಮಾನಿ ಹಳೆಯದು. ಅಮೆರಿಕದ ವೈದ್ಯರಾದ ಗೋಲ್ಡ್‌ತ್ವೇಟ್ ಮತ್ತು ಆಸ್‌ಗುಡ್ 1905ರಲ್ಲೇ ಅದನ್ನು ಎತ್ತಿದ್ದರು. ಬೆನ್ನೆಲುಬಿನ ಬುಡವನ್ನು ಸೊಂಟದ ಮೂಳೆಗೆ ಕೂಡಿಸುವ ಈ ಕೀಲನ್ನು ತೆರೆದು ಬೆಸೆಯುವ ವಿಧಾನವನ್ನು ಶಸ್ತ್ರವೈದ್ಯ ಸ್ಮಿತ್-ಪೀಟರ್ಸನ್ 1920ರ ದಶಕದಲ್ಲಿ ಮುಂದಿಟ್ಟರು. 1934ರಲ್ಲಿ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ಜಾರಿದ ಡಿಸ್ಕಿನ ಕಡೆ ಬೊಟ್ಟು ಮಾಡಿದ್ದೇ ತಡ, ಎಲ್ಲರ ಗಮನ ಅತ್ತ ಹರಿಯಿತು. ಕೀಲು ಮೂಲೆ ಸೇರಿತು.

ಅದು ಮತ್ತೆ ಮುನ್ನೆಲೆಗೆ ಬಂದದ್ದು ಐಫ್ಯೂಸ್ ಎಂಬ ಟೈಟಾನಿಯಂ ಸಾಧನಕ್ಕೆ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕ ಮೇಲೆ. ರೋಗಿಯನ್ನು ಬೋರಲು ಮಲಗಿಸಿ, ಪೃಷ್ಠದ ಪಕ್ಕದಲ್ಲಿ ಕೆಲವೇ ಸೆಂಟಿಮೀಟರ್ ಕೊಯ್ದು, ಎಕ್ಸ್‌ರೇ ಪರದೆ ನೋಡುತ್ತಾ ತೆಳು ಸರಳನ್ನು ಇಳಿಸುತ್ತಾರೆ. ಅದರ ಜಾಡಿನಲ್ಲೇ ಸಾಮಾನ್ಯವಾಗಿ ಐಫ್ಯೂಸ್‌ನ ಮೂರು ಮುಕ್ಕೋನದ ತುಂಡುಗಳನ್ನು ಕೀಲಿಗೆ ಅಡ್ಡಲಾಗಿ ಬಡಿದು ಕೂರಿಸುತ್ತಾರೆ. ಮುಕ್ಕೋನವಾದ್ದರಿಂದ ತುಂಡು ತಿರುಗದು. ಮೈ ಒರಟಾದ್ದರಿಂದ ಮೂಳೆ ಹಬ್ಬಿ ಹಿಡಿಯುತ್ತದೆ.

ಮೊದಲ ಫಲಿತಾಂಶಗಳು ಹುರುಪು ತುಂಬಿದವು. 148 ಮಂದಿಯ ಅಮೆರಿಕದ ಇನ್‌ಸೈಟ್ ಪ್ರಯೋಗದಲ್ಲಿ, ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣ ಕಂಡರು. ಔಷಧ, ವ್ಯಾಯಾಮಗಳಲ್ಲೇ ಉಳಿದವರಲ್ಲಿ ಸುಮಾರು ಕಾಲು ಭಾಗ ಮಾತ್ರ. ಯುರೋಪಿನ 103 ಮಂದಿಯ ಪ್ರಯೋಗವೂ ಅದನ್ನೇ ಅನುಮೋದಿಸಿತು. ಆದರೆ ಎರಡಕ್ಕೂ ಹಣ ಹಾಕಿದ್ದು ಸಾಧನ ತಯಾರಿಸುವ ಕಂಪನಿ. ತಮಗೆ ಯಾವ ಚಿಕಿತ್ಸೆ ಆಯಿತೆಂಬುದು ರೋಗಿಗಳಿಗೆ ಗೊತ್ತಿತ್ತು. ನೋವಿಗೆ ಅಂಕ ಕೊಡುವವರೂ ಅವರೇ.

ಆ ಕೊರತೆ ತುಂಬಿದ್ದು ಸ್ವೀಡನ್ ಮತ್ತು ನಾರ್ವೆಯ ಪ್ರಯೋಗ. 63 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೀಲು ಬೆಸೆಯದೆ ತೋರಿಕೆಯ ಶಸ್ತ್ರಚಿಕಿತ್ಸೆಯಷ್ಟೇ ನಡೆಯಿತು; ಯಾರಿಗೆ ಯಾವುದೆಂಬುದು ರೋಗಿಗಳಿಗೆ ತಿಳಿದಿರಲಿಲ್ಲ. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹತ್ತರ ಅಳತೆಯಲ್ಲಿ ನೋವು ಬೆಸುಗೆಯಾದವರಲ್ಲಿ 2.6, ಆಗದವರಲ್ಲಿ 1.7ರಷ್ಟು ಇಳಿದಿತ್ತು. ಈ ಅಂತರ ಆಕಸ್ಮಿಕವಲ್ಲವೆಂದು ಹೇಳಲು ಸಾಲದು.

ಇಷ್ಟು ಚಿಕ್ಕ ಪ್ರಯೋಗವೊಂದರಿಂದ ವಿಧಾನವನ್ನೇ ತಳ್ಳಿಹಾಕಲಾಗದು. ನಿಜವಾದ ತೊಡಕು ನೋವಿನ ಮೂಲ ಪತ್ತೆಯಲ್ಲಿದೆ. ಕೀಲೇ ಮೂಲವೆನ್ನಲು, ಅದನ್ನು ಒತ್ತಿ, ತಿರುಚಿ ನೋಡುವ ಪರೀಕ್ಷೆಗಳಲ್ಲಿ ಕನಿಷ್ಠ ಮೂರರಲ್ಲಿ ನೋವು ಕೆರಳಬೇಕು. ಕೀಲಿಗೆ ಅರಿವಳಿಕೆ ಚುಚ್ಚಿದಾಗ ನೋವು ಅರ್ಧದಷ್ಟಾದರೂ ತಗ್ಗಬೇಕು. ಇಲ್ಲೂ ಕೊನೆಗೆ ನಂಬಬೇಕಾದದ್ದು ರೋಗಿಯ ಮಾತನ್ನೇ. ಗಾಯ ಕಿರಿದಾದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯ ತೀರ್ಮಾನ ಹಗುರಾಗಬಾರದು. ಸಮ್ಮತಿ ಪತ್ರಕ್ಕೆ ಸಹಿ ಕೇಳುವ ವೈದ್ಯರು ಇನ್‌ಸೈಟ್‌ನ ಶೇ 80ರ ಜೊತೆಗೆ 2024ರ ಅಂಕಿಗಳನ್ನೂ ರೋಗಿಯ ಮುಂದಿಡಲಿ.