ಸೂರ್ಯ ಮುಳುಗಿದ ಮೇಲಿನ ಉಪವಾಸ

ಹಗಲಿಡೀ ತುತ್ತು ಅನ್ನ, ಗುಟುಕು ನೀರು ಮುಟ್ಟದ ತಿಂಗಳಲ್ಲಿ ಮನೆಯ ದಿನಸಿ ಖರ್ಚು ಇಳಿಯಬೇಕಲ್ಲವೇ? ರಂಜಾನ್‌ನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಈಜಿಪ್ಟ್, ಪಾಕಿಸ್ತಾನದಂಥ ದೇಶಗಳಲ್ಲಿ ಈ ತಿಂಗಳ ಬೇಡಿಕೆ ಸರಿದೂಗಿಸಲು ಸರ್ಕಾರಗಳೇ ಸಕ್ಕರೆ, ಎಣ್ಣೆ, ಹಿಟ್ಟನ್ನು ರಿಯಾಯಿತಿ ದರದಲ್ಲಿ ಒದಗಿಸಲು ಮುಂದಾಗುತ್ತವೆ. ಬೆಂಗಳೂರಿನ ಫ್ರೇಜರ್ ಟೌನ್ ಕಡೆಗೆ ಹಲೀಮ್, ಸಮೋಸಾ, ಕಬಾಬ್ ಅರಸಿಕೊಂಡು ಉಪವಾಸ ಇಲ್ಲದವರೂ ಬರುತ್ತಾರೆ. ಇದನ್ನು ಕಂಡು ‘ಇದೆಂಥ ಉಪವಾಸ’ ಎಂದು ಮೂಗು ಮುರಿಯುವವರಿದ್ದಾರೆ. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಸಜ್ಜಿಗೆಯ ಸಾಲು ಹಚ್ಚುವ ನಾಡಿನವರು ಈ ಮಾತನ್ನು ತುಸು ತಗ್ಗಿದ ದನಿಯಲ್ಲಿ ಆಡುವುದು ಒಳ್ಳೆಯದು. ಹೊರಗಿನವರ ಕೊಂಕಿಗಿಂತ ಗಟ್ಟಿಯಾದ ತಕರಾರು ಇಸ್ಲಾಮಿನ ಒಳಗಿನಿಂದಲೇ ಬಂದಿದೆ, ಅದೂ ಬಹಳ ಹಿಂದೆ. ಉಪವಾಸದ ತರ್ಕವನ್ನು ಕೊನೆಯವರೆಗೆ ಹಿಂಬಾಲಿಸಿ ಹೋದರೆ, ಸೂರ್ಯ ಮುಳುಗಿದ ಮೇಲೆ ತಟ್ಟೆಗೆ ಹಾಕಿಕೊಳ್ಳುವ ಮಿತಿಯೂ ಉಪವಾಸದೊಳಗೇ ಸೇರುತ್ತದೆ ಎಂಬುದು ಅದರ ತಿರುಳು.

ಮೊದಲು ನಿಯಮಗಳನ್ನು ನೋಡಬೇಕು. ಕುರಾನಿನ ಎರಡನೇ ಅಧ್ಯಾಯ ಉಪವಾಸವನ್ನು ವಿಧಿಸುವ ಕಡೆಯೇ ಕಾಯಿಲೆಯವರಿಗೂ ಪ್ರಯಾಣಿಕರಿಗೂ ವಿನಾಯಿತಿ ಕೊಡುತ್ತದೆ. ಬೆಳಗಿನ ಬೆಳ್ಳಿಗೆರೆ ಮೂಡುವವರೆಗೆ ರಾತ್ರಿ ಉಣ್ಣಲು ಕುಡಿಯಲು ಮುಕ್ತ ಅನುಮತಿಯಿದೆ. ರಾತ್ರಿಯೂ ಉಣ್ಣದೆ ಒಂದು ದಿನದ ಉಪವಾಸವನ್ನು ಇನ್ನೊಂದಕ್ಕೆ ಬೆಸೆಯುವುದನ್ನು ಪ್ರವಾದಿ ಮುಹಮ್ಮದರು ತಡೆದರು. ನಿತ್ಯವೂ ಉಪವಾಸ ಇರುತ್ತೇನೆಂದು ಹೊರಟ ಅನುಯಾಯಿ ಅಬ್ದುಲ್ಲಾ ಬಿನ್ ಅಮ್ರ್ ಅವರಿಗೆ ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿ, ದಿನ ಬಿಟ್ಟು ದಿನ ಇರುತ್ತಿದ್ದ ಪ್ರವಾದಿ ದಾವೂದರ ಕ್ರಮಕ್ಕಿಂತ ಮುಂದೆ ಹೋಗಬೇಡ ಎಂದರು. ಮುಂಜಾವಿನ ಊಟವಾದ ಸಹರಿಯನ್ನು ಬಿಡಬಾರದು, ಉಪವಾಸ ಬಿಡುವ ಇಫ್ತಾರ್‌ಗೆ ತಡ ಮಾಡಬಾರದು ಎಂಬ ಒತ್ತಾಯವೂ ಇದೆ. ಹಸಿವೇ ಪುಣ್ಯ ಎನ್ನುವ ಧರ್ಮ ಹೀಗೆ ಮಾತನಾಡುವುದಿಲ್ಲ. ಇನ್ನೊಂದು ತುದಿಯಲ್ಲಿ, ತಿನ್ನಿ ಕುಡಿಯಿರಿ, ಅತಿ ಮಾಡಬೇಡಿ ಎಂಬ ಕುರಾನಿನ ಆದೇಶ ಏಳನೇ ಅಧ್ಯಾಯದಲ್ಲಿದೆ. ತಿರ್ಮಿಝಿ ಸಂಗ್ರಹಿಸಿದ ಹದೀಸ್ (ಪ್ರವಾದಿಯವರ ನುಡಿ) ಒಂದು ಹೊಟ್ಟೆಯನ್ನು ಮೂರು ಪಾಲು ಮಾಡುತ್ತದೆ: ಆಹಾರಕ್ಕೊಂದು, ನೀರಿಗೊಂದು, ಉಸಿರಿಗೊಂದು. ಅದಕ್ಕೂ ಮೊದಲು, ಬೆನ್ನು ನೇರ ನಿಲ್ಲಲು ಬೇಕಾದಷ್ಟು ತುತ್ತು ಸಾಕೆನ್ನುತ್ತದೆ. ಮೂರು ಪಾಲು, ತಡೆಯಲಾರದವರಿಗೆ ಕೊಟ್ಟ ರಿಯಾಯಿತಿ. ಎರಡೂ ತುದಿಗಳನ್ನು ಬಿಗಿದ ಈ ವ್ಯವಸ್ಥೆಯಲ್ಲಿ ಸಂಜೆಯ ಊಟ ಮಾತ್ರ ಲೆಕ್ಕದಾಚೆ ಉಳಿಯುತ್ತದೆಂದು ನಂಬುವುದು ಕಷ್ಟ.

ಇದನ್ನು ಅತ್ಯಂತ ನಿಷ್ಠುರವಾಗಿ ಹೇಳಿದವರು 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ. ‘ಇಹ್ಯಾ ಉಲೂಮುದ್ದೀನ್’ ಗ್ರಂಥದ ಉಪವಾಸದ ಭಾಗದಲ್ಲಿ ಅವರ ವಾದ ಹೀಗೆ ಸಾಗುತ್ತದೆ: ಉಪವಾಸದ ಉದ್ದೇಶ ಆಸೆಯ ಬಲ ಕುಗ್ಗಿಸುವುದು, ಮಧ್ಯಾಹ್ನ ತಪ್ಪಿದ್ದನ್ನೆಲ್ಲ ಸಂಜೆ ತುಂಬಿಕೊಂಡರೆ ಬಲ ಕುಗ್ಗುವುದಿಲ್ಲ, ಹಸಿದು ಕಾದ ಆಸೆ ಇನ್ನಷ್ಟು ಕೊಬ್ಬುತ್ತದೆ. ಜನ ರಂಜಾನ್‌ಗೆಂದೇ ಬಗೆಬಗೆಯ ತಿನಿಸು ಕೂಡಿಟ್ಟು, ಬೇರೆ ತಿಂಗಳುಗಳಲ್ಲಿ ತಿನ್ನದಷ್ಟನ್ನು ಈ ಒಂದೇ ತಿಂಗಳಲ್ಲಿ ತಿನ್ನುತ್ತಾರೆಂದು ಅವರು ದೂರುತ್ತಾರೆ. 900 ವರ್ಷಗಳ ಹಿಂದಿನ ದೂರಿದು. ಹಾಗಾಗಿ ಎಲ್ಲವನ್ನೂ ಮಾಲ್, ಬಫೆ, ಜಾಹೀರಾತಿನ ತಲೆಗೆ ಕಟ್ಟುವಂತಿಲ್ಲ; ಮಾರುಕಟ್ಟೆ ಬಂದದ್ದು ಆಮೇಲೆ.

ಆರಾಧನೆಯ ಕಡೆಯಿಂದ ನೋಡಿದರೂ ಅದೇ. ಪ್ರವಾದಿಯವರ ರೂಢಿಯಲ್ಲಿ ಉಪವಾಸ ಬಿಡುತ್ತಿದ್ದುದು ಕೆಲವು ತಾಜಾ ಖರ್ಜೂರದಿಂದ. ಇಲ್ಲದಿದ್ದರೆ ಒಣ ಖರ್ಜೂರ, ಅದೂ ಇಲ್ಲದಿದ್ದರೆ ನೀರು. ಬಳಿಕ ಸೂರ್ಯಾಸ್ತದ ಮಗ್ರಿಬ್ ನಮಾಜ್. ಊಟವನ್ನು ಅದರ ಮೇಲಿಟ್ಟುಕೊಂಡರೆ ಮೊದಲ ಖರ್ಜೂರಕ್ಕೂ ಅನ್ನದ ತುತ್ತಿಗೂ ನಡುವೆ ಬೀಳುವ ಆ ಕೆಲವು ನಿಮಿಷಗಳಲ್ಲಿ ಹಸಿವಿನ ಆವೇಶ ಅರ್ಧ ಇಳಿದಿರುತ್ತದೆ. ಈಗ ಎಷ್ಟೋ ಕಡೆ ಆ ಸಂದಿನಲ್ಲೇ ಸಮೋಸಾ, ಬಜ್ಜಿ, ಶರಬತ್ತು ನುಗ್ಗಿ ಕೂತಿವೆ. ರಾತ್ರಿ ಇಶಾ ನಮಾಜಿನ ಬಳಿಕ ರಂಜಾನಿನ ವಿಶೇಷ ನಮಾಜಾದ ತರಾವೀಹ್. ಹನಫಿ ನ್ಯಾಯಪಂಥದ ಪದ್ಧತಿಯಲ್ಲಿ 20 ರಕಅತ್ (ನಮಾಜಿನ ಸುತ್ತು). ಒಂದೊಂದು ರಕಅತ್‌ಗೂ ಒಮ್ಮೆ ಸೊಂಟ ಬಾಗಬೇಕು, ಎರಡು ಬಾರಿ ಹಣೆ ನೆಲಕ್ಕೆ ತಾಗಬೇಕು. ಅಂದರೆ 40 ಸಜ್ದಾ. ಕಂಠಮಟ್ಟ ಉಂಡವನಿಗೆ ಇದು ಶಿಕ್ಷೆ. ನಿಂತಲ್ಲೇ ತೂಗುವ ಕಣ್ಣಿಗೆ ಇಮಾಮರ ಪಠಣ ಜೋಗುಳವಾಗುತ್ತದೆ.

ವೈದ್ಯಕೀಯ ಸಾಕ್ಷ್ಯವನ್ನೂ ತುಸು ನೋಡೋಣ. 2001ರಲ್ಲಿ 13 ದೇಶಗಳ 12,000ಕ್ಕೂ ಹೆಚ್ಚು ಮಧುಮೇಹಿ ಮುಸ್ಲಿಮರನ್ನು ಒಳಗೊಂಡು ನಡೆದ ಎಪಿಡಿಯಾರ್ ಅಧ್ಯಯನ ಉಪವಾಸದಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದನ್ನು ಗುರುತಿಸಿತು, ಇದು ನಿರೀಕ್ಷಿತವೇ. ಆದರೆ ಟೈಪ್ 2 ಮಧುಮೇಹಿಗಳಲ್ಲಿ ಸಕ್ಕರೆ ವಿಪರೀತ ಏರಿ ಆಸ್ಪತ್ರೆ ಸೇರಬೇಕಾದ ಪ್ರಸಂಗಗಳೂ ಸುಮಾರು ಐದು ಪಟ್ಟಾಗಿದ್ದವು. ಔಷಧದ ಪ್ರಮಾಣ ಅತಿಯಾಗಿ ತಗ್ಗಿಸಿದ್ದು ಒಂದು ಕಾರಣವಿರಬಹುದು. ಊಟ, ಸಿಹಿ ಹೆಚ್ಚಿಸಿಕೊಂಡಿದ್ದೆವು ಎಂದವರಲ್ಲಿ ಈ ಏರಿಕೆ ಎದ್ದು ಕಂಡಿತು. ಉಪವಾಸ ಮಾಡಿದವರಿಗೆ ತೊಂದರೆ ತಂದದ್ದು ಹಗಲಿನ ಖಾಲಿ ಹೊಟ್ಟೆ ಮಾತ್ರವಲ್ಲ.

ಸಂಜೆಯ ಊಟಕ್ಕೂ ಮಿತಿ ಬೇಕೆಂಬ ಈ ವಾದಕ್ಕೆ ಆಕ್ಷೇಪಗಳಿವೆ. ಇಫ್ತಾರ್‌ನಲ್ಲಿ ಹೆಚ್ಚು ತಿಂದರೆ ಉಪವಾಸ ಮುರಿಯುತ್ತದೆಂದು ಯಾವ ಶರಿಯತ್ ಪಂಡಿತರೂ ಹೇಳುವುದಿಲ್ಲ ಎಂಬುದು ಮೊದಲನೆಯದು. ನಿಜ. ಆದರೆ ಸುಳ್ಳಾಡುವುದನ್ನು ಬಿಡದವನು ಅನ್ನ ನೀರು ಬಿಡುವ ಅಗತ್ಯ ಅಲ್ಲಾಹನಿಗಿಲ್ಲ ಎಂಬರ್ಥದ ಹದೀಸ್ ಬುಖಾರಿಯವರ ಸಂಗ್ರಹದಲ್ಲಿದೆ; ಸುಳ್ಳಿನಿಂದಲೂ ಉಪವಾಸ ಮುರಿಯುವುದಿಲ್ಲವೆಂದೇ ಹೆಚ್ಚಿನ ಪಂಡಿತರ ಮತ. ಸಿಂಧುವಾದ ಉಪವಾಸ ಬೇರೆ, ಸಾರ್ಥಕವಾದ ಉಪವಾಸ ಬೇರೆ ಎಂಬುದನ್ನು ಆ ಪರಂಪರೆ ಬಲ್ಲದು. ಎರಡನೆಯದು ಹೆಚ್ಚು ತೂಕದ್ದು: ಬಿಸಿಲಲ್ಲಿ ಗಾರೆ ಹೊತ್ತವನಿಗೆ, ದಿನವಿಡೀ ಆಟೊ ಓಡಿಸಿದವನಿಗೆ ಮಿತಿಯ ಪಾಠ ಹೇಳುವುದು ಹೊಟ್ಟೆ ತುಂಬಿದವರ ಚಪಲವಲ್ಲವೇ? ಹೌದು, ಅವನಿಗೆ ಹೇಳಬೇಕಾದ್ದೇನೂ ಇಲ್ಲ. ಬೆನ್ನು ನೇರ ನಿಲ್ಲುವಷ್ಟು ಎಂಬ ಅಳತೆ ಬೆನ್ನಿನ ಮೇಲಿನ ಹೊರೆಯನ್ನು ಅವಲಂಬಿಸಿದೆ. ಮೂರನೆಯದು ಆತಿಥ್ಯ. ಉಪವಾಸಿಗನಿಗೆ ಉಣಿಸಿದವರಿಗೆ ಉಪವಾಸದಷ್ಟೇ ಪುಣ್ಯವೆಂಬ ನಂಬಿಕೆಯಿಂದಲೇ ಇಫ್ತಾರ್‌ಗೆ ಇಷ್ಟು ಸೊಗಸು ಬಂದಿದೆ. ಅದನ್ನು ಕಳೆದುಕೊಳ್ಳಬಾರದು. ಆದರೆ ಆತಿಥ್ಯಕ್ಕೆ ಆಡಂಬರ ಬೇಕಿಲ್ಲ. ತಮಿಳುನಾಡಿನ ಮಸೀದಿಗಳಲ್ಲಿ ನೋಂಬು (ಉಪವಾಸದ) ಗಂಜಿಯ ದೊಡ್ಡ ಹಂಡೆ ನೂರಾರು ಜನಕ್ಕೆ ಸಾಲುತ್ತದೆ. ಅದಕ್ಕೆಂದೇ ಸರ್ಕಾರ ಅಕ್ಕಿ ಕೊಡುತ್ತದೆ. ಅಬ್ದುಲ್ ಕಲಾಂ ಅವರು ರಾಷ್ಟ್ರಪತಿಯಾದ ವರ್ಷ, 2002ರಲ್ಲಿ, ರಾಷ್ಟ್ರಪತಿ ಭವನದ ಇಫ್ತಾರ್ ಕೂಟ ಕೈಬಿಟ್ಟು ಆ ಹಣದಲ್ಲಿ ಅನಾಥಾಲಯಗಳಿಗೆ ನೆರವು ಕಳಿಸಿದರು. ಉಂಡವರಿಗೇ ಉಣಿಸುವ ರಾಜಕಾರಣಿಗಳ ಇಫ್ತಾರ್ ಬೇರೆಯೇ ಜಾತಿಯದು, ಬಿಡಿ.

ಈ ಚರ್ಚೆಯಲ್ಲಿ ಕಾಣೆಯಾಗುವವಳು ಒಬ್ಬಳಿದ್ದಾಳೆ. ಇಫ್ತಾರ್‌ಗೆ ಆರೇಳು ಬಗೆಯಾಗಬೇಕಾದರೆ ಇಳಿಹಗಲಿನ ಅಸರ್ ನಮಾಜಿನ ಹೊತ್ತಿಗೆ, ಅಂದರೆ ಉಪವಾಸದ ನಿತ್ರಾಣ ಏರುವ ಗಳಿಗೆಯಲ್ಲಿ, ಅವಳು ಕುದಿಯುವ ಎಣ್ಣೆಯೆದುರು ನಿಂತಿರಬೇಕು. ಗಂಡ ಸಿಡುಕನಾದರೆ ಹೆಂಡತಿ ಅಡುಗೆಯ ಉಪ್ಪನ್ನು ನಾಲಗೆಯ ತುದಿಯಲ್ಲಿ ನೋಡಬಹುದು, ನುಂಗಬಾರದು ಎಂದು ಹನಫಿ ನ್ಯಾಯಗ್ರಂಥಗಳು ವಿನಾಯಿತಿ ಕೊಟ್ಟಿವೆ. ಇಂಥದೊಂದು ವಿನಾಯಿತಿಯ ಅಗತ್ಯ ಪಂಡಿತರಿಗೆ ಕಂಡಿತ್ತೆಂದರೆ ಆ ಅಡುಗೆಮನೆಗಳ ಒತ್ತಡ ಎಂಥದಿತ್ತೆಂದು ಊಹಿಸಬಹುದು. ಕಡೆಯ ಹತ್ತು ರಾತ್ರಿಗಳಲ್ಲಿ, ಲೈಲತುಲ್ ಕದ್ರ್ ಎಂಬ ಪುಣ್ಯರಾತ್ರಿಯನ್ನು ಹುಡುಕುವ ದಿನಗಳಲ್ಲಿ, ಹಬ್ಬದ ತಯಾರಿಯೂ ಸೇರಿ ಆ ಕೆಲಸ ಇನ್ನೂ ಬೆಳೆಯುತ್ತದೆ. ತಟ್ಟೆಯಲ್ಲಿ ಮೂರು ಬಗೆ ಕಡಿಮೆಯಾದರೆ ಉಣ್ಣುವವನಿಗೆ ಆಗುವ ಲಾಭ ಚಿಕ್ಕದೇ ಇರಬಹುದು. ಅವಳಿಗೆ ಮಾತ್ರ ಮಗ್ರಿಬ್‌ಗೆ ಮುಂಚೆ ಕುರಾನ್ ಹಿಡಿದು ಕೂರಲು ಮುಕ್ಕಾಲು ಗಂಟೆ ಸಿಗುತ್ತದೆ.