ಆಟದ ತಕ್ಕಡಿ ಹಿಡಿದವರಿಗೆ ಸಂಬಳವಿಲ್ಲ

ಪನ್ವೇಲ್ ದಾಟಿದ ಮೇಲೆ ಭೋಕರ್‌ಪಾಡಾದಲ್ಲಿ ಯೊಟ್ಟಾ ಕಂಪನಿಯ ಎನ್‌ಎಂ1 ಡೇಟಾ ಸೆಂಟರ್ ಸಿಗುತ್ತದೆ. 2020ರ ಜುಲೈಯಲ್ಲಿ ಶುರುವಾದ ಆ ಒಂದೇ ಕಟ್ಟಡಕ್ಕೆ 7,200 ರ‍್ಯಾಕ್‌ಗಳ ಸಾಮರ್ಥ್ಯವಿದೆ. ಐರೋಲಿ, ರಬಾಳೆ, ಮಹಾಪೆಯ ಕೈಗಾರಿಕಾ ಪಟ್ಟಿಯಲ್ಲೂ ಇಂಥ ಕಟ್ಟಡಗಳು ಒಂದರ ಹಿಂದೊಂದು ಎದ್ದಿವೆ. ಹಾಗಾಗಿ ಕಾಮೋಠೆಯ ಒನ್ ಬಿಎಚ್‌ಕೆ ಫ್ಲ್ಯಾಟಿನಲ್ಲಿ, ಮನೆಮಂದಿ ಮಲಗಿದ ಮೇಲೆ ಹೆಡ್‌ಫೋನ್ ಏರಿಸಿ ಕೂರುವ ಹುಡುಗನಿಗೆ ದೇಶದ ಬಹುತೇಕ ಊರುಗಳವರಿಗಿಲ್ಲದ ಅನುಕೂಲ: ಗೇಮ್ ಸರ್ವರ್ ಮುಂಬಯಿಯಲ್ಲೇ ಇದ್ದರೆ ಪಿಂಗ್, ಎಂದರೆ ಸಂದೇಶ ಹೋಗಿ ಬರುವ ಹೊತ್ತು, ಕೆಲವೇ ಮಿಲಿಸೆಕೆಂಡು. ಆ ಸರ್ವರಿನ ಬಾಡಿಗೆ ತಿಂಗಳು ತಪ್ಪದೆ ಸಂದಾಯವಾಗುತ್ತದೆ. ಕಟ್ಟದಿದ್ದರೆ ಮರುದಿನ ಬಾಗಿಲು ಮುಚ್ಚುತ್ತದೆ. ಆದರೆ ಅದರೊಳಗೆ ಜಗಳ ಬಿಡಿಸುವ, ಮೋಸ ಹಿಡಿಯುವ, ತಪ್ಪು ಸರಿ ತೀರ್ಮಾನಿಸುವ ಮನುಷ್ಯರಿಗೆ ಬಿಡಿಗಾಸೂ ಇಲ್ಲ. ರೋಲ್‌ಪ್ಲೇ ಆಟಗಳ ಸಮತೋಲ ಕೆಡುವುದು ಇಲ್ಲಿಂದಲೇ ಎಂಬುದು ನನ್ನ ವಾದ.

ರೋಲ್‌ಪ್ಲೇ ಅಂದರೇನು ಎಂದು ಕೇಳುವ ಹಿರಿಯರಿಗಾಗಿ ಎರಡು ಮಾತು. ‘ಜಿಟಿಎ 5’ 2013ರಲ್ಲಿ ಬಂದ ಆಟ. ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಅದರ ಮೇಲೆ ‘ಫೈವ್‌ಎಂ’ ಎಂಬ ತಂತ್ರಾಂಶ ಹಾಕಿಕೊಂಡರೆ ಯಾರು ಬೇಕಾದರೂ ತಮ್ಮದೇ ಊರನ್ನು ನಡೆಸಬಹುದು. ಅಲ್ಲಿ ಒಬ್ಬ ಪೊಲೀಸ್, ಒಬ್ಬಳು ಡಾಕ್ಟರ್, ಒಬ್ಬ ಗ್ಯಾರೇಜಿನವ, ಐದಾರು ಮಂದಿ ಗ್ಯಾಂಗಿನವರು. ಎಲ್ಲರೂ ನಿಜವಾದ ಮನುಷ್ಯರೇ. ಮೈಕಿನಲ್ಲಿ ಮಾತಾಡುತ್ತ ಪಾತ್ರವಾಗಿ ಬದುಕಬೇಕು. ನಮ್ಮಲ್ಲಿ ಲಾಕ್‌ಡೌನಿನ ದಿನಗಳಿಂದೀಚೆಗೆ ಲೆಗಸಿ ಇಂಡಿಯಾ, ಹೈಡ್ರಾ ಟೌನ್ ಮುಂತಾದ ಸರ್ವರುಗಳನ್ನು ಯೂಟ್ಯೂಬ್ ಸ್ಟ್ರೀಮರುಗಳು ಮನೆಮಾತಾಗಿಸಿದರು. 2023ರ ಆಗಸ್ಟಿನಲ್ಲಿ ಜಿಟಿಎಯ ಒಡೆಯ ರಾಕ್‌ಸ್ಟಾರ್ ಕಂಪನಿಯೇ ಫೈವ್‌ಎಂ ತಯಾರಿಸಿದ ಸಿಎಫ್‌ಎಕ್ಸ್ ತಂಡವನ್ನು ತನ್ನದಾಗಿಸಿಕೊಂಡಿತು. ಹವ್ಯಾಸವಾಗಿದ್ದದ್ದು ಅಲ್ಲಿಗೆ ವ್ಯಾಪಾರದ ಭಾಗವಾಯಿತು. ಕೆಲಸ ಮಾಡುವವರು ಮಾತ್ರ ಹವ್ಯಾಸಿಗಳಾಗಿಯೇ ಉಳಿದರು.

ಸಮತೋಲ ಎಂದಕೂಡಲೇ ಆಟಗಾರರು ಬಂದೂಕಿನ ಡ್ಯಾಮೇಜ್, ಕಾರಿನ ವೇಗ, ಅಂಗಡಿಯ ದರಗಳ ಮಾತೆತ್ತುತ್ತಾರೆ. ಅವನ್ನೆಲ್ಲ ಡೆವಲಪರ್ ಒಂದು ಕಾನ್ಫಿಗ್ ಫೈಲಿನಲ್ಲಿ ಅಂಕಿ ಬದಲಿಸಿ ಸರಿಮಾಡಬಹುದು. ಅಂಕಿಯಿಂದ ಬಗೆಹರಿಯದ ಸಂಗತಿ ಬೇರೆಯಿದೆ. ಸಾಮಾನ್ಯವಾಗಿ ಇಂಥ ಸರ್ವರುಗಳಲ್ಲಿ ಬ್ಯಾಂಕ್ ದರೋಡೆಗೆ ಒಂದು ಶರತ್ತು ಇರುತ್ತದೆ: ಇಷ್ಟು ಮಂದಿ ಪೊಲೀಸರು ಡ್ಯೂಟಿಯಲ್ಲಿದ್ದರೆ ಮಾತ್ರ ಬ್ಯಾಂಕಿನ ಬಾಗಿಲು ತೆರೆಯುತ್ತದೆ. ಪೊಲೀಸ್ ಆಗುವವನು ಅರ್ಜಿ ತುಂಬಬೇಕು, ತರಬೇತಿ ಪಡೆಯಬೇಕು, ಸಿಕ್ಕಿಬಿದ್ದ ಪ್ರತಿ ಕಳ್ಳನ ಮೇಲೂ ವರದಿ ಬರೆಯಬೇಕು, ಮೇಲಧಿಕಾರಿಯಿಂದ ಬೈಸಿಕೊಳ್ಳಬೇಕು. ಆಟದೊಳಗಿನ ಸಂಬಳ ಅವನಿಗೆ ಕಾರಿನ ಪೆಟ್ರೋಲಿಗೂ ಸಾಲದು. ಗ್ಯಾಂಗಿನವನಿಗೆ ಒಂದು ದರೋಡೆಯಲ್ಲಿ ಲಕ್ಷಗಟ್ಟಲೆ. ರಾತ್ರಿ ಹತ್ತಕ್ಕೆ ಠಾಣೆ ತುಂಬಿರುತ್ತದೆ, ಎರಡಕ್ಕೆ ಖಾಲಿ. ಬೆಳಿಗ್ಗೆ ಮಾನಸರೋವರ್ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿದು ಕಾಲೇಜಿಗೋ ಕೆಲಸಕ್ಕೋ ಹೋಗಬೇಕಾದ ಹುಡುಗರು ಅವರು.

ಆಗ ಸರ್ವರಿನ ಮಾಲೀಕನ ಮುಂದೆ ಎರಡೇ ದಾರಿ. ಶರತ್ತನ್ನು ಸಡಿಲಿಸಿದರೆ ತಡೆಯುವವರಿಲ್ಲದ ದರೋಡೆಯಿಂದ ಊರಿಗೆ ಹಣ ಹರಿದುಬಂದು, ಎರಡು ವಾರದಲ್ಲಿ ಹೊಸಬನಿಗೆ ಸೈಕಲ್ಲೂ ದುಬಾರಿಯಾಗುತ್ತದೆ. ಬಿಗಿಗೊಳಿಸಿದರೆ ಗ್ಯಾಂಗಿನವರು ಕೈಕಟ್ಟಿ ಕೂತು, ಬೇಸತ್ತು ಬೇರೆ ಸರ್ವರಿಗೆ ಹೊರಡುತ್ತಾರೆ. ಬಂದೂಕಿನ ಡ್ಯಾಮೇಜ್ ಎಷ್ಟೇ ತಿದ್ದಿದರೂ ಈ ಇಕ್ಕಟ್ಟು ಬಗೆಹರಿಯದು, ಏಕೆಂದರೆ ಕೊರತೆ ಇರುವುದು ಜನರದು. ಪೊಲೀಸ್ ಪಾತ್ರ ಹೆಸರಿಗೆ ಆಟ. ವಾಸ್ತವದಲ್ಲಿ ಅದು ಸಂಬಳವಿಲ್ಲದ ಪಾಳಿ ಕೆಲಸ.

ಇದು ಒಂದು ಪದರ. ಇದರ ಮೇಲೆ ಸ್ಟಾಫ್ ಎಂಬ ಇನ್ನೊಂದು ಪದರವಿದೆ: ಅಡ್ಮಿನ್, ಮಾಡರೇಟರ್, ಸಪೋರ್ಟ್. ಅವರ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಮರುಕ ಹುಟ್ಟುತ್ತದೆ. ಡಿಸ್ಕಾರ್ಡಿನಲ್ಲಿ ಟಿಕೆಟ್, ಅಂದರೆ ದೂರು, ಬಂತು ಎನ್ನಿ: ‘ಅವನು ಕಾರಣವಿಲ್ಲದೆ ನನಗೆ ಗುಂಡು ಹೊಡೆದ’. ಆರ್‌ಡಿಎಂ ಎಂದು ಕರೆಯುವ ಈ ಆರೋಪಕ್ಕೆ ಇಬ್ಬರ ಕಡೆಯ ಕ್ಲಿಪ್‌ಗಳನ್ನೂ ನೋಡಬೇಕು. ಗುಂಡಿಗೆ ಹಿಂದಿನ ದಿನದ ವೈರ ಕಾರಣವಂತೆ. ಹಾಗಾದರೆ ಹಿಂದಿನ ದಿನದ ಕ್ಲಿಪ್ ತರಿಸಬೇಕು. ಸ್ಟ್ರೀಮ್ ನೋಡಿ ಅಡಗುತಾಣ ಪತ್ತೆಹಚ್ಚಿದ ಎಂಬ ಪ್ರತ್ಯಾರೋಪ ಬರುತ್ತದೆ. ಅದು ಮೆಟಾಗೇಮಿಂಗ್, ಸಾಬೀತುಮಾಡುವುದು ಬಲು ಕಷ್ಟ. ಕೊನೆಗೆ ತೀರ್ಪು ಕೊಟ್ಟರೆ ಸೋತವನು ಬ್ಯಾನ್ ಅಪೀಲು ಹಾಕುತ್ತಾನೆ, ಅವನ ಗೆಳೆಯರು ವಾಯ್ಸ್ ಚಾನೆಲ್ಲಿಗೆ ನುಗ್ಗುತ್ತಾರೆ. ಒಂದು ಟಿಕೆಟ್ಟಿಗೆ ಒಂದು ಸಂಜೆ. ಸೆಷನ್ಸ್ ಕೋರ್ಟಿನಲ್ಲಾದರೂ ವಾಯಿದೆ ಸಿಗುತ್ತದೆ.

ಇಷ್ಟಕ್ಕೆ ಪ್ರತಿಫಲ? ಹೆಸರಿನ ಪಕ್ಕ ಬಣ್ಣದ ಪಟ್ಟಿ, ಕ್ಯೂನಲ್ಲಿ ಮೊದಲ ಸ್ಥಾನ, ಮತ್ತು ಅಧಿಕಾರ. ಈ ಮೂರರಲ್ಲಿ ಬೆಲೆಯುಳ್ಳದ್ದು ಕೊನೆಯದೊಂದೇ. ಸಂಬಳ ಕೊಡದ ಕಡೆ ಅಧಿಕಾರವೇ ಸಂಬಳವಾಗುತ್ತದೆ. ಮನುಷ್ಯ ತನ್ನ ಸಂಬಳವನ್ನು ಖರ್ಚು ಮಾಡದೆ ಇರುವುದಿಲ್ಲ. ಗೆಳೆಯನಿಗೊಂದು ಕಾರು ಸ್ಪಾನ್ ಮಾಡಿಕೊಡುವುದು, ತನ್ನ ಗ್ಯಾಂಗಿನ ಮೇಲಿನ ದೂರನ್ನು ತಾನೇ ಮುಚ್ಚುವುದು, ಎದುರಾಳಿಯ ಅಡಗುತಾಣವನ್ನು ಅಡ್ಮಿನ್ ಮೆನುವಿನಲ್ಲಿ ಇಣುಕುವುದು ಹೀಗೆ ಶುರುವಾಗುತ್ತವೆ. ಹುಡುಗರನ್ನು ಕೆಟ್ಟವರೆಂದು ಬೈದು ಪ್ರಯೋಜನವಿಲ್ಲ. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ ವ್ಯವಸ್ಥೆ ಇನ್ನೇನನ್ನೂ ಕೊಟ್ಟಿಲ್ಲ.

ಈ ಗಂಟು ಆಟದಷ್ಟೇ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ‘ಮಡ್’ ಇಂಥ ಲೋಕಗಳ ಮೂಲಪುರುಷ. ಅದರಲ್ಲಿ ಸಾಕಷ್ಟು ಅಂಕ ಗಳಿಸಿದವನು ವಿಝರ್ಡ್ ಆಗುತ್ತಿದ್ದ, ಎಂದರೆ ಉಳಿದವರ ಮೇಲೆ ಅಧಿಕಾರ ಚಲಾಯಿಸುವವನಾಗುತ್ತಿದ್ದ. ಗೆದ್ದವನೇ ತೀರ್ಪುಗಾರ! ಇವತ್ತಿಗೂ ಸರ್ವರಿನಲ್ಲಿ ಹೆಚ್ಚು ಹೊತ್ತು ಆಡುವವನನ್ನೇ ಹುಡುಕಿ ಸ್ಟಾಫ್ ಮಾಡುವ ಪದ್ಧತಿಯಲ್ಲಿ ಆ ಬೀಜವಿದೆ. ಹೆಚ್ಚು ಹೊತ್ತು ಆಡುವವನಿಗೆ ಆ ಊರಿನಲ್ಲಿ ಆಸ್ತಿಯೂ ಶತ್ರುಗಳೂ ಹೆಚ್ಚು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮೆರಿಕದ ಸಂಶೋಧನಾಲಯವಾದ ಝೆರಾಕ್ಸ್ ಪಾರ್ಕ್‌ನಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ‘ಲ್ಯಾಂಬ್ಡಾಮೂ’ ಎಂಬ ಇಂಥದೇ ಲೋಕ ಈ ಗಂಟಿನ ಇನ್ನೊಂದು ತುದಿ ಮುಟ್ಟಿತು. ತೀರ್ಪು ಕೊಟ್ಟು ಕೊಟ್ಟು ಸಾಕಾಗಿ, ಇನ್ನು ಮುಂದೆ ನಾವು ತಾಂತ್ರಿಕ ಕೆಲಸ ಮಾತ್ರ ನೋಡಿಕೊಳ್ಳುತ್ತೇವೆ, ಸಮಾಜದ ವಿಷಯ ನಿಮ್ಮದು ಎಂದು 1992ರ ಡಿಸೆಂಬರಿನಲ್ಲಿ ಅಲ್ಲಿನ ವಿಝರ್ಡುಗಳು ಕೈತೊಳೆದುಕೊಂಡರು. ಮರುವರ್ಷವೇ ಒಬ್ಬ ಆಟಗಾರ ಇತರರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯದ ದೃಶ್ಯಗಳನ್ನು ಹೇರಿದಾಗ ಊರಿಗೆ ಊರೇ ಸಭೆ ಸೇರಿ ವಾದಿಸಿತು, ನಿರ್ಧಾರ ಮಾತ್ರ ಹುಟ್ಟಲಿಲ್ಲ; ಕೊನೆಗೆ ಒಬ್ಬ ವಿಝರ್ಡ್ ತಾನಾಗಿಯೇ ಆ ಪಾತ್ರವನ್ನು ಅಳಿಸಿದ. ಆಮೇಲೆ ಅರ್ಜಿ, ಮತದಾನದ ಏರ್ಪಾಡೂ ಬಂತು. 1996ರಲ್ಲಿ ವಿಝರ್ಡುಗಳು, ತಾಂತ್ರಿಕ ನಿರ್ಧಾರ ಮತ್ತು ಸಾಮಾಜಿಕ ನಿರ್ಧಾರವನ್ನು ಬೇರ್ಪಡಿಸುವುದು ಸಾಧ್ಯವೇ ಇಲ್ಲ ಎಂದು ಒಪ್ಪಿಕೊಂಡು ಮರಳಿದರು. ‘ನಾವು ಕೋಡ್ ಬರೆಯುತ್ತೇವೆ ಅಷ್ಟೆ’ ಎನ್ನುವ ಇವತ್ತಿನ ಡೆವಲಪರುಗಳು ಈ ನಾಲ್ಕು ವರ್ಷಗಳ ಕಥೆ ಓದಬೇಕು.

ದುಡ್ಡಿನ ಪಾಠ ಕಲಿಸಿದ್ದು ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್. ಅದರ ಚಾಟ್ ಕೋಣೆಗಳನ್ನು ಕಾಯುತ್ತಿದ್ದ ಸ್ವಯಂಸೇವಕರು ಒಂದು ಹಂತದಲ್ಲಿ ಸುಮಾರು 14,000. ಇಂಟರ್ನೆಟ್ಟಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಅವರಿಗೆ ಪುಕ್ಕಟೆ ಸಂಪರ್ಕ ಸಿಗುತ್ತಿತ್ತು, ಅದೇ ಕೂಲಿ. 1996ರ ಕೊನೆಗೆ ಎಒಎಲ್ ತಿಂಗಳಿಗೆ 19.95 ಡಾಲರಿನ ಒಂದೇ ದರ ತಂದಿತು. ಸ್ವಯಂಸೇವಕರ ಕೆಲಸ ಒಂದಿನಿತೂ ಕಡಿಮೆಯಾಗಲಿಲ್ಲ, ಕೂಲಿಯ ಬೆಲೆ ಮಾತ್ರ ರಾತ್ರೋರಾತ್ರಿ ಕುಸಿಯಿತು. 1999ರಲ್ಲಿ ಇಬ್ಬರು ಕೋರ್ಟಿಗೆ ಹೋದರು: ಪಾಳಿ, ವರದಿ, ತರಬೇತಿ ಎಲ್ಲ ನೌಕರರಂತೆಯೇ ಇರುವಾಗ ನಾವು ನೌಕರರಲ್ಲವೇ? 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಸರ್ವರುಗಳ ‘ಪ್ರಯಾರಿಟಿ ಕ್ಯೂ’ವನ್ನು ಈ ಕನ್ನಡಕದಲ್ಲಿ ನೋಡಿ. ಸ್ಟಾಫಿಗೆ ಕೂಲಿಯಾಗಿ ಕೊಟ್ಟ ಅದೇ ಸೌಲಭ್ಯ ದುಡ್ಡು ಕೊಟ್ಟವರಿಗೂ ಮಾರಾಟವಾಗುತ್ತಿದ್ದರೆ ಆ ಕೂಲಿಗೆ ಏನು ಬೆಲೆ ಉಳಿಯಿತು?

ಸಂಬಳ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ‘ಈವ್ ಆನ್‌ಲೈನ್’ ಆಟದ ಸಂಬಳದ ನೌಕರನೇ ತಾನು ಸೇರಿದ್ದ ಬಣಕ್ಕೆ ಅಪರೂಪದ ನೀಲನಕ್ಷೆಗಳನ್ನು ದಾಟಿಸಿದ್ದು 2007ರಲ್ಲಿ ಬಯಲಾಯಿತು. ಆಟದ ಒಡೆಯ ಸಿಸಿಪಿ ಕಂಪನಿ ಆಗ ಒಳತನಿಖಾ ವಿಭಾಗ ಹುಟ್ಟುಹಾಕಿತು, ಮರುವರ್ಷ ಆಟಗಾರರೇ ಆರಿಸುವ ಮಂಡಳಿಯನ್ನೂ ತಂದಿತು. ಹಾಗಾಗಿ ಸಂಬಳದ ಜೊತೆ ಇನ್ನೊಂದು ಬೇಕು: ಅಡ್ಮಿನ್ ಕೊಟ್ಟ ಪ್ರತಿ ಆದೇಶವೂ ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಬೀಳಬೇಕು. ಫೈವ್‌ಎಂನಲ್ಲಿ ಇದಕ್ಕೆ ಬೇಕಾದ ಸ್ಕ್ರಿಪ್ಟ್ ಬರೆಯುವುದು ಕಷ್ಟದ ಮಾತಲ್ಲ. ಆ ದಾಖಲೆ ಸಾಮಾನ್ಯವಾಗಿ ಸ್ಟಾಫಿನ ಗುಪ್ತ ಚಾನೆಲ್ಲಿನಲ್ಲೇ ಉಳಿಯುವುದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ.

ಮುಂಬಯಿ ಕನ್ನಡಿಗರಿಗೆ ಇದನ್ನು ಅರ್ಥಮಾಡಿಸಲು ಹೆಚ್ಚು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಇಲ್ಲಿಗೆ ಬಂದು ತಾಳಮದ್ದಳೆ ನಡೆಸುತ್ತಾರಲ್ಲ, ಅದೂ ರೋಲ್‌ಪ್ಲೇಯೇ. ಬರೆದಿಟ್ಟ ಮಾತಿಲ್ಲ, ವೇಷವಿಲ್ಲ. ಕೂತಲ್ಲೇ ಪಾತ್ರವಾಗಿ ಮಾತಾಡಬೇಕು. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥಧಾರಿ ವಾದದಲ್ಲಿ ಕೃಷ್ಣನನ್ನೇ ಕಟ್ಟಿಹಾಕಬಹುದು, ಸಭೆ ಚಪ್ಪಾಳೆ ತಟ್ಟುತ್ತದೆ, ಆದರೂ ಪ್ರಸಂಗ ಮುಗಿಯುವಲ್ಲಿಗೇ ಮುಗಿಯುತ್ತದೆ. ಫಲಿತಾಂಶ ಮೊದಲೇ ನಿಶ್ಚಿತವಾದ್ದರಿಂದ ಸೋಲುವ ಪಾತ್ರಕ್ಕೂ ಮರ್ಯಾದೆಯಿದೆ. ಸರ್ವರಿನಲ್ಲಿ ಪ್ರಸಂಗವೇ ಇಲ್ಲ. ಆದ್ದರಿಂದ ಪ್ರತಿಯೊಬ್ಬನಿಗೂ ಗೆಲ್ಲಲೇಬೇಕು, ಆದ್ದರಿಂದಲೇ ನಡುವೆ ಒಬ್ಬ ಬೇಕು. ತಾಳಮದ್ದಳೆಯಲ್ಲಿ ಆ ಒಬ್ಬ ಭಾಗವತ. ಮಾತು ಹಳಿ ತಪ್ಪಿತೋ, ಒಬ್ಬನೇ ಹೊತ್ತು ನುಂಗಿದನೋ, ಅವರು ಮುಂದಿನ ಪದ ಎತ್ತಿಬಿಡುತ್ತಾರೆ. ಅವರು ಕೌರವನ ಕಡೆಯವರೂ ಅಲ್ಲ, ಪಾಂಡವರ ಕಡೆಯವರೂ ಅಲ್ಲ. ಹಾಡುತ್ತಿರುವಾಗ ಅರ್ಥ ಹೇಳಲು ಕೂರುವುದಿಲ್ಲ. ಮುಖ್ಯವಾಗಿ, ಹೊರಡುವಾಗ ಅವರ ಕೈಗೆ ಸಂಭಾವನೆಯ ಕವರು ಸೇರುತ್ತದೆ. ಸಂಘದ ಕಾರ್ಯದರ್ಶಿ ಸ್ವಂತ ಜೇಬಿನಿಂದ ಹಾಕಿಯಾದರೂ ಅದನ್ನು ಕೊಡುತ್ತಾನೆ.

ಇದಕ್ಕೆ ಎದುರು ಬರುವ ಮಾತು ನನಗೆ ಗೊತ್ತು: ಪ್ರೀತಿಯಿಂದ ಮಾಡುವುದಕ್ಕೆ ದುಡ್ಡು ಕೊಟ್ಟರೆ ಪ್ರೀತಿ ಹೋಗುತ್ತದೆ, ಮೇಲಾಗಿ ದುಡ್ಡೆಲ್ಲಿದೆ? ಮೊದಲನೆಯದು ದುಡ್ಡು ಕೊಡಬೇಕಾದವರು ಹೇಳುವ ಮಾತು. ಎರಡನೆಯದರಲ್ಲಿ ಸತ್ಯಾಂಶವಿದೆ. ರಾಕ್‌ಸ್ಟಾರ್ 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮದಂತೆ ರೋಲ್‌ಪ್ಲೇ ಸರ್ವರುಗಳು ಲೂಟ್ ಬಾಕ್ಸ್, ಕ್ರಿಪ್ಟೊ, ಕಂಪನಿಗಳ ಪ್ರಾಯೋಜಕತ್ವದಿಂದ ಆದಾಯ ಮಾಡುವಂತಿಲ್ಲ. ಉಳಿಯುವುದು ಫೈವ್‌ಎಂ ಒಪ್ಪಿದ ಟೆಬೆಕ್ಸ್ ಅಂಗಡಿಯ ಚಂದಾ. ಅದರಲ್ಲಿ ದೊಡ್ಡ ಸಂಬಳ ಏಳುವುದಿಲ್ಲ. ಆದರೆ ಹೊಸ ಕಾರುಗಳ ಮಾಡೆಲ್, ಹೊಸ ಸ್ಕ್ರಿಪ್ಟ್ ಕೊಳ್ಳಲು ಅದೇ ಚಂದಾದಿಂದ ಹಣ ಹೊರಡುತ್ತದೆಯಲ್ಲ? ಆ ಖರ್ಚಿನ ಪಟ್ಟಿಯಲ್ಲಿ ಟಿಕೆಟ್ ನೋಡುವವನಿಗೆ ಸಂಜೆಗಿಷ್ಟು ಎಂಬ ಸಾಲು ಸೇರಲಿ. ಕೆಳಗಿನ ಸಪೋರ್ಟ್ ಹುಡುಗನಿಂದಲೇ ಅದು ಶುರುವಾಗಲಿ. ಮಾಲೀಕರಿಗೆ ಯೂಟ್ಯೂಬ್ ಹೇಗೂ ಇದೆ. ಈ ದುಡ್ಡು ಪಡೆಯುವವನು ಆ ಅವಧಿಯಲ್ಲಿ ಯಾವ ಗ್ಯಾಂಗಿನಲ್ಲೂ ಇರಕೂಡದು, ಮೂರು ತಿಂಗಳಿಗೆ ಪಾಳಿ ಬದಲಾಗಬೇಕು.

ಸರ್ಕಾರದ ಕಣ್ಣಿಗೆ ಈ ಸ್ಟಾಫ್ ಹುಡುಗರಿನ್ನೂ ಬಿದ್ದಿಲ್ಲ. 2025ರ ಆಗಸ್ಟಿನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸೋಷಿಯಲ್ ಗೇಮ್‌ಗಳನ್ನು ಪ್ರೋತ್ಸಾಹಿಸುವ ಮಾತಾಡುತ್ತದೆ. ದತ್ತಾಂಶ ರಕ್ಷಣೆಯ 2023ರ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ದನಿ ಕೇಳಿ ‘ಇವನು ಒಂಬತ್ತನೇ ಕ್ಲಾಸಿನ ಹುಡುಗ’ ಎಂದು ಗುರುತಿಸಿ ಹೊರಗೆ ಕಳಿಸುವ ಕೆಲಸ ಕೊನೆಗೆ ಬೀಳುವುದು ಹತ್ತೊಂಬತ್ತರ ಇನ್ನೊಬ್ಬ ಹುಡುಗನ ತಲೆಯ ಮೇಲೆ. ಅವನಿಗೆ ಕಾನೂನಿನ ತರಬೇತಿಯೂ ಇಲ್ಲ, ರಕ್ಷಣೆಯೂ ಇಲ್ಲ.

ನನ್ನನ್ನು ಕೇಳಿದರೆ ಸರ್ವರಿನ ಗಾತ್ರಕ್ಕೆ ಅಳತೆಗೋಲು ಸ್ಟಾಫಿನ ಸಂಖ್ಯೆಯೇ ಆಗಬೇಕು. ಇನ್ನೂರು ಸ್ಲಾಟ್ ಎಂದು ಜಂಬ ಕೊಚ್ಚಿಕೊಳ್ಳುವ ಬದಲು, ಇವತ್ತು ರಾತ್ರಿ ಮೂವರು ಅಡ್ಮಿನ್ ಇದ್ದಾರೆ, ಅರವತ್ತು ಮಂದಿಗೆ ಮಾತ್ರ ಪ್ರವೇಶ ಎನ್ನಬಹುದು. ಎರಡು ಗಂಟೆಗೆ ಯಾರೂ ಇಲ್ಲದಿದ್ದರೆ ಬ್ಯಾಂಕು, ಆಭರಣದಂಗಡಿ ಮುಚ್ಚಲಿ. ಮೀನು ಹಿಡಿಯುವುದು, ಟ್ಯಾಕ್ಸಿ ಓಡಿಸುವುದು ನಡೆಯಲಿ. ಫೆಬ್ರುವರಿಯಲ್ಲಿ ಎಚ್‌ಎಸ್‌ಸಿ ಪರೀಕ್ಷೆ ಬಂದಾಗ ಊರನ್ನೇ ಅರ್ಧ ಮಾಡಲಿ. ಸ್ಟ್ರೀಮರುಗಳಿಗೆ ಇದು ರುಚಿಸುವುದಿಲ್ಲ, ಅವರಿಗೆ ಗದ್ದಲ ಬೇಕು. ಹೊಸ ಆಟ ಬಂದರೆ ಎಲ್ಲ ಬದಲಾದೀತು ಎನ್ನುವಂತೆಯೂ ಇಲ್ಲ: ಜಿಟಿಎ 6 2026ರ ನವೆಂಬರ್ 19ಕ್ಕೆ ಎಂದು ರಾಕ್‌ಸ್ಟಾರ್ ಹೇಳಿರುವುದು ಕನ್ಸೋಲಿಗೆ ಮಾತ್ರ. ಹಿಂದಿನ ಆಟ ಕಂಪ್ಯೂಟರಿಗೆ ಇಳಿಯಲು ಒಂದೂವರೆ ವರ್ಷ ಹಿಡಿದಿತ್ತು. ಅಂದರೆ ಹಳೆಯ ಊರುಗಳು ಇನ್ನೂ ಕೆಲವು ಕಾಲ ಹೀಗೆಯೇ ನಡೆಯಲಿವೆ, ಟಿಕೆಟ್ಟುಗಳೂ ಬರುತ್ತಲೇ ಇರುತ್ತವೆ.